ಲಾರಿ ಕ್ಯಾಬಿನ್‌ನಲ್ಲಿ ಡೀಸೆಲ್ ವಾಸನೆ: ಮೊದಲು ಮೂಲ ಹುಡುಕಿ, ಆಮೇಲೆ ತೊಳೆಯಿರಿ

ಕಬ್ಬಾಳು, ಸಾತನೂರು, ಕನಕಪುರ, ಚನ್ನಪಟ್ಟಣ ಕಡೆಯ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಗಾಡಿಯ ಗಾಲಿ ತಿರುಗಿದರೆ ಮಾತ್ರ. ಕಲ್ಲು, ಎಳನೀರು, ಮಾವು, ರೇಷ್ಮೆ ಗೂಡು, ಇಟ್ಟಿಗೆ, ಮರಳು ಹೊರುವ ಲಾರಿ, ಕ್ಯಾಂಟರ್, ಚಿಕ್ಕ ಟೆಂಪೋಗಳಲ್ಲಿ ನಮ್ಮ ಮನೆಯ ಗಂಡಸರು ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂರುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಅವರ ಮಟ್ಟಿಗೆ ಕ್ಯಾಬಿನ್ ಎಂದರೆ ಇನ್ನೊಂದು ಮನೆ. ಆ ಮನೆಯಲ್ಲಿ ಡೀಸೆಲ್ ವಾಸನೆ ತುಂಬಿಕೊಂಡರೆ "ಗಾಡಿ ಅಂದಮೇಲೆ ವಾಸನೆ ಇರೋದೇ" ಎಂದು ಸುಮ್ಮನಾಗುವುದು ವಾಡಿಕೆ.

ಆದರೆ ಅದು ಇರಬೇಕಾದ ವಾಸನೆಯಲ್ಲ. ಸರಿಯಾಗಿರುವ ಗಾಡಿಯ ಕ್ಯಾಬಿನ್‌ನಲ್ಲಿ ಡೀಸೆಲ್ ವಾಸನೆ ಬರಬಾರದು. ಬಂದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಇಲ್ಲವೇ ಹಿಂದೆಂದೋ ಚೆಲ್ಲಿದ್ದು ಒಳಗೇ ಉಳಿದಿದೆ ಎಂದರ್ಥ. ಈ ತಿಂಗಳು ಇದನ್ನು ಗುರುತಿಸುವುದು, ನಿಲ್ಲಿಸುವುದು, ತೊಳೆಯುವುದು ಹೇಗೆಂದು ಕ್ರಮವಾಗಿ ನೋಡೋಣ. ಗಾಡಿ ಓಡಿಸುವವರಷ್ಟೇ ಅಲ್ಲ, ಅವರ ಬಟ್ಟೆ ಒಗೆಯುವವರೂ ಓದಬೇಕಾದ ಪಾಠ ಇದು.

ಡೀಸೆಲ್ ವಾಸನೆ ಏಕೆ ಹೋಗುವುದಿಲ್ಲ?

ಪೆಟ್ರೋಲ್ ಚೆಲ್ಲಿದರೆ ಬೇಗ ಆರಿಹೋಗುತ್ತದೆ. ಡೀಸೆಲ್ ಹಾಗಲ್ಲ. ಅದು ಭಾರವಾದ ಎಣ್ಣೆ. ಅದರ ಬಹುಪಾಲು ಅಂಶಗಳು ಕುದಿಯಲು 180ರಿಂದ 360 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಾಗಾಗಿ ಸಾಮಾನ್ಯ ಬಿಸಿಲಿಗೆ ಅದು ಒಂದೇ ಸಲ ಆವಿಯಾಗುವುದಿಲ್ಲ. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಆವಿ ಬಿಡುತ್ತಿರುತ್ತದೆ. ನೀರಿನಲ್ಲಿ ಕರಗುವುದೂ ಇಲ್ಲ. ಬಕೆಟ್ಟುಗಟ್ಟಲೆ ಬರೀ ನೀರು ಸುರಿದರೆ ಎಣ್ಣೆ ಹರಡಿ, ಮ್ಯಾಟ್ ಕೆಳಗಿನ ಫೆಲ್ಟ್‌ಗೆ, ಸೀಟಿನ ಸ್ಪಂಜಿಗೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಇನ್ನೊಂದು ಸಂಗತಿ ನಮ್ಮ ಮೂಗಿನದು. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದಕ್ಕೆ ಒಗ್ಗಿಕೊಂಡು ಗುರುತಿಸುವುದನ್ನೇ ಬಿಡುತ್ತದೆ. ಚಾಲಕನಿಗೆ "ವಾಸನೆ ಹೋಯಿತು" ಅನಿಸಬಹುದು, ಆದರೆ ಆವಿ ಅಲ್ಲೇ ಇರುತ್ತದೆ. ಹೊರಗಿನಿಂದ ಬಂದು ಬಾಗಿಲು ತೆಗೆದವರಿಗೆ ತಕ್ಷಣ ತಿಳಿಯುತ್ತದೆ. ಆದ್ದರಿಂದ ಮನೆಯವರು "ಗಾಡಿಯಲ್ಲಿ ಡೀಸೆಲ್ ವಾಸನೆ ಬರ್ತಿದೆ" ಎಂದರೆ ಅವರ ಮಾತು ನಂಬಿ.

ಆರೋಗ್ಯಕ್ಕೆ ಏನಾಗುತ್ತದೆ?

ಮನುಷ್ಯನ ಮೂಗು ಬಹಳ ಕಡಿಮೆ ಪ್ರಮಾಣದ ಡೀಸೆಲನ್ನೂ ಹಿಡಿಯುತ್ತದೆ. ಆದ್ದರಿಂದ ಒಂದು ಸಲ ವಾಸನೆ ಬಂದ ಮಾತ್ರಕ್ಕೆ ವಿಷವೇರಿತು ಎಂದು ಹೆದರಬೇಕಿಲ್ಲ. ಆದರೆ ಮುಚ್ಚಿದ ಕ್ಯಾಬಿನ್‌ನಲ್ಲಿ ಗಂಟೆಗಟ್ಟಲೆ ಈ ಆವಿ ಉಸಿರಾಡಿದರೆ ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣುರಿ, ಗಂಟಲು ಕೆರೆತ, ಮಂಪರು ಬರುತ್ತವೆ. ಕೊನೆಯದು ಚಾಲಕನಿಗೆ ದೊಡ್ಡ ಅಪಾಯ. ಮಂಪರಿನಲ್ಲಿ ಸ್ಟಿಯರಿಂಗ್ ಹಿಡಿದವನ ಜೀವ ಮಾತ್ರವಲ್ಲ, ಎದುರಿಗೆ ಬರುವವರ ಜೀವವೂ ಅವನ ಕೈಯಲ್ಲಿರುತ್ತದೆ. ಉಬ್ಬಸ ಇರುವವರು, ಗರ್ಭಿಣಿಯರು, ಮಕ್ಕಳು ಇಂತಹ ಕ್ಯಾಬಿನ್‌ನಲ್ಲಿ ಕೂರಲೇಬಾರದು.

ಡೀಸೆಲ್ ಆವಿ ಬೇರೆ, ಎಂಜಿನ್‌ನ ಹೊಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಎಂಜಿನ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕ್ಯಾಬಿನ್‌ನಲ್ಲಿ ಸುಟ್ಟ ಹೊಗೆಯ ವಾಸನೆ ಬಂದು ಜೊತೆಗೆ ತಲೆ ಭಾರವಾದರೆ ಗಾಡಿ ನಿಲ್ಲಿಸಿ ಕೆಳಗಿಳಿಯಿರಿ. ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಮಲಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

"ಡೀಸೆಲ್‌ಗೆ ಬೆಂಕಿ ಹತ್ತಲ್ಲ" ಎಂಬ ಮಾತು ಸುಳ್ಳು. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಅದರ ಆವಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತುವ ಬಿಸಿ, ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕ್ಯಾಬಿನ್‌ನ ಒಳಗೆ ಬಿಸಿ 50 ಡಿಗ್ರಿ ದಾಟುತ್ತದೆ. ಡೀಸೆಲ್ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ಕಾಲಿನ ಬಳಿ, ಸೀಟಿನ ಕೆಳಗೆ ನಿಲ್ಲುತ್ತದೆ. ಬೀಡಿ ಸೇದಿ ತುಂಡನ್ನು ಹಾಕುವುದೂ ಅಲ್ಲಿಯೇ.

ವಾಸನೆ ಬಂದ ತಕ್ಷಣ ಮಾಡಬೇಕಾದ್ದು

1. ರಸ್ತೆ ಬದಿಗೆ, ಜನ ಮತ್ತು ಅಂಗಡಿಗಳಿಂದ ದೂರ ಗಾಡಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ.
2. ಬೀಡಿ, ಸಿಗರೇಟು, ಬೆಂಕಿಕಡ್ಡಿ, ಅಗರಬತ್ತಿ, ಲೋಬಾನ್ ಯಾವುದೂ ಬೇಡ. ಕ್ಯಾಬಿನ್‌ನಲ್ಲಿ ಟೀ ಕಾಯಿಸುವ ಚಿಕ್ಕ ಸ್ಟೌವ್ ಇದ್ದರೆ ಹಚ್ಚಬೇಡಿ.
3. ಎರಡೂ ಬಾಗಿಲು ತೆರೆಯಿರಿ. ಎಲ್ಲರೂ ಕೆಳಗಿಳಿಯಿರಿ.
4. ಬ್ಯಾಟರಿ ಕಟ್-ಆಫ್ ಸ್ವಿಚ್ ಇರುವ ಗಾಡಿಯಾದರೆ ಅದನ್ನು ಆಫ್ ಮಾಡಿ. ಆದರೆ ಬ್ಯಾಟರಿಯ ಹತ್ತಿರವೇ ಎಣ್ಣೆ ಸೋರಿದ್ದರೆ ವೈರು ಬಿಚ್ಚಲು ಹೋಗಬೇಡಿ. ಬಿಚ್ಚುವಾಗ ಕಿಡಿ ಹಾರುತ್ತದೆ.
5. ಎಣ್ಣೆ ಧಾರೆಯಾಗಿ ಹರಿಯುತ್ತಿದ್ದರೆ ಅಥವಾ ಹೊಗೆ ಕಂಡರೆ ದೂರ ಸರಿದು 101 ಅಥವಾ 112ಕ್ಕೆ ಕರೆ ಮಾಡಿ. ಸರಕು ಉಳಿಸಲು ಒಳಗೆ ನುಗ್ಗಬೇಡಿ.

ಮೂಲ ಎಲ್ಲಿದೆ? ವಾಸನೆ ಬರುವ ಹೊತ್ತು ನೋಡಿ

ಮೂಲ ಹುಡುಕದೆ ತೊಳೆದರೆ ತೊಳೆದದ್ದೆಲ್ಲ ವ್ಯರ್ಥ. ವಾಸನೆ ಯಾವಾಗ ಹೆಚ್ಚುತ್ತದೆ ಎಂದು ಎರಡು ದಿನ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

*ಬಂಕಿನಲ್ಲಿ ಹಾಕಿಸಿದ ಮೇಲೆ ಬಂದರೆ:* ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿರಬಹುದು, ಅಥವಾ ಕಂಠಮಟ್ಟ ತುಂಬಿಸಿರಬಹುದು. ಬಿಸಿಲಿಗೆ ಡೀಸೆಲ್ ಹಿಗ್ಗಿ ಉಕ್ಕುತ್ತದೆ. ಬಂಕಿನ ನೆಲದ ಎಣ್ಣೆ ಚಪ್ಪಲಿಗೆ ಹತ್ತಿ ಒಳಗೆ ಬರುವುದೂ ಬಹಳ ಸಾಮಾನ್ಯ.

*ಎಂಜಿನ್ ಬಿಸಿಯಾದ ಮೇಲೆ, ಏರು ಹತ್ತುವಾಗ ಬಂದರೆ:* ಫಿಲ್ಟರ್, ಕೈಪಂಪು, ಇಂಜೆಕ್ಟರ್‌ನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪು, ಪೈಪು ಜೋಡಿಸುವ ಬೋಲ್ಟಿನ ತಾಮ್ರದ ವಾಷರ್ ಇವುಗಳನ್ನು ನೋಡಬೇಕು. ನಮ್ಮಲ್ಲಿನ ಹೆಚ್ಚಿನ ಲಾರಿಗಳಲ್ಲಿ ಕ್ಯಾಬಿನ್ ಎಂಜಿನ್‌ನ ಮೇಲೆಯೇ ಕೂತಿರುತ್ತದೆ. ಗೇರ್ ಲಿವರಿನ ರಬ್ಬರ್, ಪೆಡಲ್‌ಗಳ ತೂತು, ಎಂಜಿನ್ ಮುಚ್ಚಳದ ಅಂಚಿನ ಪಟ್ಟಿ ಹರಿದಿದ್ದರೆ ಕೆಳಗಿನ ಆವಿ ನೇರವಾಗಿ ಮೇಲೆ ಬರುತ್ತದೆ.

*ಬ್ಲೋವರ್ ಅಥವಾ ಎ.ಸಿ. ಹಾಕಿದಾಗ ಮಾತ್ರ ಬಂದರೆ:* ಹೊರಗಾಳಿ ಎಳೆಯುವ ಜಾಗದ ಹತ್ತಿರ ಎಣ್ಣೆ ಇದೆ, ಇಲ್ಲವೇ ಕ್ಯಾಬಿನ್ ಫಿಲ್ಟರ್ ವಾಸನೆ ಹೀರಿಕೊಂಡಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಚಾಲಕರಿಗೆ ಇದು ಒಳ್ಳೆಯದೇ. ಆದರೆ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದರೆ ಕ್ಯಾಬಿನ್‌ನಲ್ಲಿ ಚೆಲ್ಲಿದ ಎಣ್ಣೆಯ ಆವಿಯೂ ಒಳಗೇ ಸುತ್ತುತ್ತದೆ ಎಂಬುದು ನೆನಪಿರಲಿ.

*ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಾಗಿಲು ತೆಗೆದಾಗ ಬಂದರೆ:* ಎಣ್ಣೆ ಕ್ಯಾಬಿನ್ ಒಳಗೇ ಚೆಲ್ಲಿದೆ. ಹೊಲದ ಪಂಪಿಗೆ, ಟ್ರ್ಯಾಕ್ಟರಿಗೆ ಎಂದು ಸೀಟಿನ ಕೆಳಗೆ ಇಟ್ಟು ತಂದ ಕ್ಯಾನ್ ಇದಕ್ಕೆ ಮುಖ್ಯ ಕಾರಣ. ಮುಚ್ಚಳ ಬಿಗಿಯಾಗಿ ಕಂಡರೂ ಕಬ್ಬಾಳಿನ ಕಡೆಯ ರಸ್ತೆಯ ಕುಲುಕಾಟಕ್ಕೆ ತೊಟ್ಟು ತೊಟ್ಟಾಗಿ ಸೋರುತ್ತದೆ.

*ಮೂತ್ರದಂತೆ ಘಾಟು ವಾಸನೆ ಬಂದರೆ:* ಅದು ಡೀಸೆಲ್ ಅಲ್ಲದಿರಬಹುದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಅನೇಕಕ್ಕೆ ಯೂರಿಯಾ ದ್ರವದ ಬೇರೆ ಟ್ಯಾಂಕ್ ಇದೆ. ಅದು ಸೋರಿದ ಕಡೆ ಬಿಳಿ ಉಪ್ಪಿನಂತೆ ಕಟ್ಟಿಕೊಳ್ಳುತ್ತದೆ. ನೀರಿನಿಂದ ತೊಳೆದರೆ ಹೋಗುತ್ತದೆ, ಆದರೆ ಸೋರಿಕೆ ಸರಿಪಡಿಸಬೇಕು.

ಸೋರುವ ಜಾಗ ಕಾಣದಿದ್ದರೆ ಎಂಜಿನ್ ಆರಿದ ಮೇಲೆ ಪೈಪುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ. ನೀರಿನ ಹನಿಯಾದರೆ ಬೆಳಿಗ್ಗೆಗೆ ಆರಿರುತ್ತದೆ, ಡೀಸೆಲ್ ಹನಿಯಾದರೆ ಜಿಡ್ಡಿನ ಕಲೆ ಹರಡಿರುತ್ತದೆ. ಧೂಳು ಒದ್ದೆಯಾಗಿ ಅಂಟಿಕೊಂಡ ಜಾಗವೂ ಸುಳಿವು ಕೊಡುತ್ತದೆ.

ಮಾಡಲೇಬಾರದ ನಾಲ್ಕು ಕೆಲಸ

*ಒಂದು, ಎಂಜಿನ್ ಚಾಲೂ ಇರುವಾಗ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬೇಡಿ.* ಈಗಿನ ಕಾಮನ್ ರೈಲ್ ಎಂಜಿನ್‌ಗಳ ಪೈಪಿನಲ್ಲಿ ಒತ್ತಡ 1,600 ಬಾರ್ ಮುಟ್ಟುತ್ತದೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಹೆಚ್ಚು. ಲಾರಿ ಟೈರಿನ ಗಾಳಿಗಿಂತ ಇದು ಸುಮಾರು 200 ಪಟ್ಟು. ಕಣ್ಣಿಗೆ ಕಾಣದ ತೂತಿನಿಂದ ಚಿಮ್ಮುವ ಡೀಸೆಲ್ ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಮೊದಲಿಗೆ ನೋವೂ ಕಡಿಮೆ. ಆದರೆ ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯತೊಡಗಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಹೀಗಾದರೆ ಅರಿಶಿನ ಹಚ್ಚಿ ಮನೆಯಲ್ಲಿ ಕೂರಬೇಡಿ. ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ" ಎಂದೇ ವೈದ್ಯರಿಗೆ ಹೇಳಿ.

*ಎರಡು, ಬಾಯಿಯಿಂದ ಪೈಪಿನಲ್ಲಿ ಡೀಸೆಲ್ ಎಳೆಯಬೇಡಿ.* ಒಂದು ಗುಟುಕು ಬಾಯಿಗೆ ಬಂದಾಗ ಕೆಮ್ಮಿದರೆ ಸಾಕು, ಎಣ್ಣೆ ಶ್ವಾಸಕೋಶಕ್ಕೆ ಇಳಿದು ತೀವ್ರ ನ್ಯುಮೋನಿಯಾ ತರುತ್ತದೆ. ಹೀಗಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲೇಬೇಡಿ. ವಾಂತಿಯಾಗುವಾಗ ಎಣ್ಣೆ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ. ಮೊದಲಿಗೆ ಏನೂ ಆಗಿಲ್ಲವೆನಿಸಿದರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ನಿಗಾದಲ್ಲಿರಬೇಕು. ಎಣ್ಣೆ ತೆಗೆಯಲು ಅಂಗಡಿಯಲ್ಲಿ ಸಿಗುವ ಕೈಪಂಪು ತಂದಿಟ್ಟುಕೊಳ್ಳಿ.

*ಮೂರು, ಡೀಸೆಲ್ ಇದ್ದ ಟ್ಯಾಂಕಿಗೆ ಹಾಗೆಯೇ ವೆಲ್ಡಿಂಗ್ ಮಾಡಿಸಬೇಡಿ.* "ಖಾಲಿ ಮಾಡಿದ್ದೇವೆ" ಎಂಬುದು ಸಾಲದು. ಖಾಲಿ ಟ್ಯಾಂಕಿನ ತುಂಬ ಆವಿ ಮತ್ತು ಗಾಳಿ ಸೇರಿರುತ್ತವೆ. ವೆಲ್ಡಿಂಗ್ ಬಿಸಿಗೆ ಅದು ಬಾಂಬಿನಂತೆ ಸಿಡಿಯುತ್ತದೆ. ಟ್ಯಾಂಕನ್ನು ಬಿಚ್ಚಿ, ಆವಿ ಪೂರ್ತಿ ತೆಗೆದು ಕೆಲಸ ಮಾಡಲು ತಿಳಿದವರಿಗೇ ಕೊಡಿ, ಇಲ್ಲವಾದರೆ ಟ್ಯಾಂಕ್ ಬದಲಿಸಿ.

*ನಾಲ್ಕು, ದಾರಿಯ ಉಪಾಯವನ್ನು ಶಾಶ್ವತ ರಿಪೇರಿ ಎಂದುಕೊಳ್ಳಬೇಡಿ.* ಟ್ಯಾಂಕಿನ ಸಣ್ಣ ಬಿರುಕಿಗೆ ಬಟ್ಟೆ ಸೋಪು ತಿಕ್ಕಿ ಗ್ಯಾರೇಜ್ ಮುಟ್ಟುವುದು ಹಳೆಯ ಚಾಲಕರಿಗೆ ಗೊತ್ತಿರುವ ಉಪಾಯ. ಅದು ಹತ್ತಿರದ ಗ್ಯಾರೇಜಿಗೆ ಹೋಗಲು ಮಾತ್ರ. ತಾಮ್ರದ ವಾಷರನ್ನು ಪ್ರತಿ ಸಲ ಬಿಚ್ಚಿದಾಗಲೂ ಹೊಸದು ಹಾಕಿಸಿ. ಹಳೆಯದನ್ನೇ ಬಿಗಿದರೆ ಸೋರಿಕೆ ಮರಳುತ್ತದೆ.

ಕ್ಯಾಬಿನ್ ತೊಳೆಯುವ ಕ್ರಮ

ಸೋರಿಕೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ಈ ಕೆಲಸ. ರಜೆಯ ದಿನ ಬೆಳಿಗ್ಗೆ, ಬಯಲಿನಲ್ಲಿ, ಬಾಗಿಲುಗಳನ್ನೆಲ್ಲ ತೆರೆದು ಆರಂಭಿಸಿ. ಕೈಗೆ ರಬ್ಬರ್ ಗವಸು ಇರಲಿ. ಮಕ್ಕಳು ದೂರ ಇರಲಿ.

*ಮೊದಲು ಹೀರಿಸಿ.* ನೀರು ಹಾಕುವ ಮುನ್ನ ಎಣ್ಣೆಯನ್ನು ಹೀರಿ ತೆಗೆಯಬೇಕು. ಇದಕ್ಕೆ ಮರದ ಹೊಟ್ಟಿಗಿಂತ ಒಳ್ಳೆಯದು ಬೇರೆ ಬೇಡ. ಚನ್ನಪಟ್ಟಣದ ಬೊಂಬೆ ಕೆಲಸದ ಮನೆಗಳಲ್ಲಿ, ಊರಿನ ಮರ ಕೊಯ್ಯುವ ಮಿಲ್ಲಿನಲ್ಲಿ ಸಿಗುತ್ತದೆ. ಒಣ ಮಣ್ಣು, ಹಳೆಯ ಗೋಣಿಚೀಲವೂ ಆಗುತ್ತದೆ. ದಪ್ಪಗೆ ಹರಡಿ ಒತ್ತಿ, ಒಂದೆರಡು ಗಂಟೆ ಬಿಟ್ಟು ಗುಡಿಸಿ. ಒದ್ದೆ ಕಾಣುವವರೆಗೆ ಮತ್ತೆ ಹೊಸ ಹೊಟ್ಟು ಹಾಕಿ. ತಿಕ್ಕಬೇಡಿ, ತಿಕ್ಕಿದರೆ ಒಳಕ್ಕೆ ಇಳಿಯುತ್ತದೆ. ಎಣ್ಣೆ ಹೀರಿದ ಹೊಟ್ಟನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮನೆಯ ಹೊರಗಿಡಿ. ಗ್ಯಾರೇಜಿನಲ್ಲಿ ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಸ್ನಾನದ ಒಲೆಗೆ ಹಾಕಬೇಡಿ. ಕೆರೆ, ಕಾಲುವೆ, ಚರಂಡಿಗೂ ಬೇಡ.

*ಮ್ಯಾಟ್ ಎತ್ತಿ ನೋಡಿ.* ಮೇಲಿನ ರಬ್ಬರ್ ಮ್ಯಾಟನ್ನು ತೊಳೆದು "ಆಯಿತು" ಎನ್ನುವವರೇ ಹೆಚ್ಚು. ಅದರ ಕೆಳಗೆ ಸದ್ದು ತಡೆಯಲು ಹಾಕಿದ ಫೆಲ್ಟ್ ಇರುತ್ತದೆ. ಎಣ್ಣೆಯೆಲ್ಲ ಹೋಗಿ ಕೂರುವುದು ಅಲ್ಲಿ. ಅದು ನೆನೆದಿದ್ದರೆ ತೊಳೆದು ಉಪಯೋಗವಿಲ್ಲ. ಆ ಭಾಗ ಕತ್ತರಿಸಿ ಹೊಸದು ಹಾಕಿಸಿ. ಸೀಟಿನ ಸ್ಪಂಜಿಗೂ ಇದೇ ಮಾತು. ರೆಕ್ಸಿನ್ ಒರೆಸಿದರೆ ಶುದ್ಧವಾಗುತ್ತದೆ, ಆದರೆ ಹೊಲಿಗೆಯ ತೂತಿನಿಂದ ಒಳಗಿಳಿದ ಎಣ್ಣೆ ಹೋಗುವುದಿಲ್ಲ. ವಾರಗಟ್ಟಲೆ ಸೋಪಿಗೆ, ಸೆಂಟಿಗೆ ಖರ್ಚು ಮಾಡುವುದಕ್ಕಿಂತ ಸೀಟು ಹೊಲಿಯುವವರ ಹತ್ತಿರ ಹೊಸ ಸ್ಪಂಜು ಹಾಕಿಸುವುದು ಅಗ್ಗ.

*ಸೋಪಿನಿಂದ ತೊಳೆಯಿರಿ.* ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ, ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಎರಡು ಮೂರು ಸಲ ಆಗಬೇಕು. ಪೆಡಲ್, ಗೇರ್ ಲಿವರಿನ ಬುಡ, ಬಾಗಿಲಿನ ಕೆಳಗಿನ ರಬ್ಬರ್, ಸೀಟಿನ ಕಬ್ಬಿಣದ ಕಂಬಿ ಮರೆಯಬೇಡಿ. ವೈರು, ಸ್ವಿಚ್ ಇರುವಲ್ಲಿ ನೀರು ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆಯಿಂದ ಒರೆಸುವುದು ಒಂದು ಅಪಾಯ ತೆಗೆದು ಇನ್ನೊಂದನ್ನು ತಂದಂತೆ.

*ಅಡುಗೆ ಸೋಡಾ ಹಾಕಿ.* ಒಣಗಿದ ಮೇಲೆ ಅಡುಗೆ ಸೋಡಾವನ್ನು ಧಾರಾಳವಾಗಿ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗುಡಿಸಿ ತೆಗೆಯಿರಿ. ಉಳಿದ ವಾಸನೆ ತಗ್ಗುತ್ತದೆ.

*ಗಾಳಿಗೆ ಬಿಡಿ.* ಎರಡು ಮೂರು ದಿನ, ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ. ಬಿಸಿಲು ಆವಿಯನ್ನು ಹೊರಗೆಳೆಯುತ್ತದೆ, ಗಾಳಿ ಒಯ್ಯುತ್ತದೆ. ಬಾಗಿಲು ಮುಚ್ಚಿದರೆ ಬಿಸಿಲಿನಿಂದ ಲಾಭವಿಲ್ಲ, ಅಪಾಯವೇ ಹೆಚ್ಚು. ಕ್ಯಾಬಿನ್ ಫಿಲ್ಟರ್ ಇದ್ದರೆ ಹೊಸದು ಹಾಕಿ, ಹರಿದ ರಬ್ಬರುಗಳನ್ನು ಬದಲಿಸಿ.

ಇಷ್ಟೆಲ್ಲ ಆಗುವವರೆಗೆ ಅತ್ತರು, ಸೆಂಟು, ಡ್ಯಾಶ್‌ಬೋರ್ಡಿನ ಸುಗಂಧದ ಡಬ್ಬಿ ಬೇಡ. ಸುಗಂಧ ಇಷ್ಟಪಡುವವರು ನಾವು, ಸರಿ. ಆದರೆ ಇಲ್ಲಿ ಅದು ವಾಸನೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ಹೊಸ ಸೋರಿಕೆ ಶುರುವಾದರೆ ತಿಳಿಸುವ ಎಚ್ಚರಿಕೆಯೂ ಅದರಡಿ ಮುಚ್ಚಿಹೋಗುತ್ತದೆ. ಲೋಬಾನ್ ಹಾಕುವುದಂತೂ ಆವಿಯ ನಡುವೆ ಕೆಂಡ ಇಟ್ಟಂತೆ.

ಮನೆಗೆ ಬಂದ ಮೇಲೆ: ಬಟ್ಟೆ ಮತ್ತು ಚರ್ಮ

ಡೀಸೆಲ್ ಹತ್ತಿದ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ. "ಅಬ್ಬಾ" ಎಂದು ಓಡಿಬರುವ ಮಗುವಿಗೆ ಎರಡು ನಿಮಿಷ ಕಾಯಲು ಹೇಳಿ, ಮೊದಲು ಬಟ್ಟೆ ಬದಲಿಸಿ. ಆ ಬಟ್ಟೆ ಮಲಗುವ ಕೋಣೆಯ ಗೂಟಕ್ಕೂ, ಅಡುಗೆ ಒಲೆಯ ಹತ್ತಿರಕ್ಕೂ ಹೋಗಬಾರದು. ಹೊರಗೆ ಗಾಳಿಯಲ್ಲಿ ಒಂದು ದಿನ ಹರಡಿ, ಆಮೇಲೆ ಬೇರೆ ಬಕೆಟ್ಟಿನಲ್ಲಿ ಸೋಪು ಪುಡಿ ಹಾಕಿ ನೆನೆಸಿ ಒಗೆಯಿರಿ. ಕೂಸಿನ ಬಟ್ಟೆಯ ಜೊತೆ ಮೆಷಿನ್ನಿಗೆ ಹಾಕಬೇಡಿ. ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಬೇಡ.

ಕೈಯ ಜಿಡ್ಡು ತೆಗೆಯಲು ಪೆಟ್ರೋಲ್, ಡೀಸೆಲ್‌ನಿಂದಲೇ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಇದು ಚರ್ಮದ ಸಹಜ ಎಣ್ಣೆಯನ್ನು ಕಿತ್ತು ಬಿರುಕು, ತುರಿಕೆ, ಕಜ್ಜಿ ತರುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸೋಪಿನಿಂದ ತೊಳೆದರೆ ಜಿಡ್ಡು ಬಿಡುತ್ತದೆ. ವುಝೂ ಮಾಡುವ ಮೊದಲು ಇದನ್ನು ರೂಢಿ ಮಾಡಿಕೊಳ್ಳಿ. ಗ್ರೀಸ್ ದಪ್ಪಗೆ ಅಂಟಿದ ಕಡೆ ನೀರು ಚರ್ಮ ಮುಟ್ಟುವುದಿಲ್ಲ, ಉಗುರಿನ ಸಂದಿಯನ್ನು ವಿಶೇಷವಾಗಿ ನೋಡಿ. ನಮಾಝಿಗೆ ಬೇರೆ ಬಟ್ಟೆಯೊಂದನ್ನು ಮುಚ್ಚಿದ ಚೀಲದಲ್ಲಿ ಗಾಡಿಯಲ್ಲಿಟ್ಟುಕೊಂಡರೆ ನಿಮಗೂ, ಸಾಲಿನಲ್ಲಿ ಪಕ್ಕ ನಿಲ್ಲುವವರಿಗೂ ಹಿತ.

ಕಣ್ಣಿಗೆ ಡೀಸೆಲ್ ಸಿಡಿದರೆ ಉಜ್ಜದೆ, ಶುದ್ಧ ನೀರನ್ನು 15 ನಿಮಿಷ ಬಿಡದೆ ಹಾಕಿ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಬಹಳ ಮುಖ್ಯವಾದ ಮಾತು: ಡೀಸೆಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡಬೇಡಿ. ಬಾಯಾರಿದ ಮಗುವಿಗೆ ಬಾಟಲಿ ಮಾತ್ರ ಕಾಣುತ್ತದೆ, ಒಳಗಿರುವುದು ಏನೆಂದು ತಿಳಿಯುವುದಿಲ್ಲ. ಕ್ಯಾನ್ ತರಲೇಬೇಕಾದರೆ ಇಂಧನಕ್ಕೆಂದೇ ಮಾಡಿದ, ಬಿಗಿ ಮುಚ್ಚಳದ ಕ್ಯಾನ್ ಬಳಸಿ. ಕಂಠದವರೆಗೆ ತುಂಬಿಸದೆ, ಕ್ಯಾಬಿನ್‌ನಲ್ಲಿ ಇಡದೆ, ಹಿಂದಿನ ಬಾಡಿಯಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಕಟ್ಟಿ ತನ್ನಿ. ಆ ಬಾಡಿಯಲ್ಲಿ ಜನರನ್ನು ಕೂರಿಸಬೇಡಿ.

ಮನೆಯವರೆಲ್ಲ ಕೂತು ಮಾತಾಡಿ

- ನಮ್ಮ ಗಾಡಿಯ ಬಾಗಿಲು ತೆಗೆದಾಗ ವಾಸನೆ ಬರುತ್ತದೆಯೇ? ಯಾವ ಹೊತ್ತಿನಲ್ಲಿ?
- ಸೀಟಿನ ಕೆಳಗೆ ಏನೇನು ಇಟ್ಟಿದ್ದೇವೆ?
- ಮನೆಯಲ್ಲಿ ಯಾವುದಾದರೂ ಬಾಟಲಿಯಲ್ಲಿ ಎಣ್ಣೆ ಇದೆಯೇ? ಮಕ್ಕಳ ಕೈಗೆ ಎಟುಕುತ್ತದೆಯೇ?
- ಯಾರಾದರೂ ಡೀಸೆಲ್ ನುಂಗಿದರೆ ಮಾಡಬಾರದ್ದು ಏನು?
- ಗಾಡಿಯವರಿಗೆ ಇತ್ತೀಚೆಗೆ ಮೇಲಿಂದ ಮೇಲೆ ತಲೆನೋವು ಬರುತ್ತಿದೆಯೇ? ರಜೆಯ ದಿನ ಅದು ಕಡಿಮೆಯಾಗುತ್ತದೆಯೇ?

ಕೊನೆಯ ಪ್ರಶ್ನೆಗೆ ಉತ್ತರ "ಹೌದು" ಆದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ವೈದ್ಯರನ್ನು ಕಾಣುವಾಗ ನಿಮ್ಮ ಕೆಲಸವನ್ನೂ, ಕ್ಯಾಬಿನ್‌ನ ವಾಸನೆಯನ್ನೂ ತಪ್ಪದೆ ಹೇಳಿ. ಗಾಡಿ ಬಾಡಿಗೆಯದಾದರೆ ಮಾಲೀಕರಿಗೂ ಹೇಳಿ. ಒಂದು ವಾಷರ್, ಒಂದು ರಬ್ಬರ್, ಒಂದಡಿ ಪೈಪಿನ ಬೆಲೆ ಒಂದು ದಿನದ ದುಡಿಮೆಗಿಂತ ಕಡಿಮೆ.